ವೀರಗಲ್ಲಿಗೆ ಕಟ್ಟಿದ ಸೀಮೆಹಸು

ಊರಿನ ಪರಂಪರೆಯನ್ನು ಈಗಲೇ ದಾಖಲಿಸಿಡದಿದ್ದರೆ ಮುಂದಿನ ಪೀಳಿಗೆಗೆ ಏನೂ ಉಳಿಯುವುದಿಲ್ಲ ಎಂದು ವೇದಿಕೆಯ ಮೇಲೆ ನಿಂತು ಹೇಳುವವರಿಗೆ ಒಂದು ನಂಬಿಕೆ ಇರುತ್ತದೆ. ಪರಂಪರೆಯೆಂಬುದು ಎಲ್ಲೋ ಮೂಲೆಯಲ್ಲಿ ಧೂಳು ಹಿಡಿದು, ನಮ್ಮ ದಾರಿ ಕಾಯುತ್ತ ಕೂತಿದೆ ಎಂಬುದೇ ಆ ನಂಬಿಕೆ. ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರಿನ ಮಟ್ಟಿಗಂತೂ ಇದು ಶುದ್ಧ ಸುಳ್ಳು. ಇಲ್ಲಿ ಪರಂಪರೆಗೆ ಬೆಳಗಿನಿಂದ ಸಂಜೆಯವರೆಗೆ ಕೈತುಂಬ ಕೆಲಸವಿದ್ದು, ನೋಟ್‌ಬುಕ್ ಹಿಡಿದು ಬಂದವನೇ ಅದಕ್ಕೆ ಅಡ್ಡಗಾಲು.

ದೇವಸ್ಥಾನದ ಜೀರ್ಣೋದ್ಧಾರದ ನೆಪದಲ್ಲಿ ಸ್ಮರಣ ಸಂಚಿಕೆಯೊಂದನ್ನು ತರುವುದೆಂದು ಊರಿನ ಹಿರಿಯರು ತೀರ್ಮಾನಿಸಿದಾಗ, ಜಾಹೀರಾತುಗಳ ನಡುವೆ ಊರಿನ ಇತಿಹಾಸವೂ ಎರಡು ಪುಟ ಇದ್ದರೆ ಶೋಭೆ ಎಂಬ ಮಾತು ಬಂತು. ದಿನಪತ್ರಿಕೆಯನ್ನು ಸಂಪಾದಕೀಯದ ಕೊನೆಯ ಸಾಲಿನವರೆಗೂ ಓದುವ ದುರಭ್ಯಾಸ ನನಗಿದ್ದುದರಿಂದ ಆ ಕೆಲಸ ಚರ್ಚೆಯೇ ಇಲ್ಲದೆ ನನ್ನ ಪಾಲಿಗೆ ಬಂತು.

ಎಲ್ಲರೂ ಮಾಡುವಂತೆ ನಾನೂ ಮೊದಲು, ಹಳೆಯ ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಬಿ.ಎಲ್. ರೈಸ್ ಅವರ ಮೊರೆ ಹೋದೆ. ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟ, ಅಂದರೆ ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ, 1905ರಲ್ಲಿ ಅಚ್ಚಾಯಿತು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಾದ್ದರಿಂದ ನಮ್ಮ ಕಡೆಯ ಕಲ್ಲುಗಳೆಲ್ಲ ಆ ಪುಸ್ತಕದಲ್ಲಿ ಇಂದಿಗೂ ಕೋಲಾರದವೇ. ಅಲ್ಲಿ ನಮ್ಮೂರಿನದೂ ಒಂದು ವೀರಗಲ್ಲಿತ್ತು. ತುರುಗಳನ್ನು ಹಿಡಿದೊಯ್ದವರ ಮೇಲೆ ಬಿದ್ದು, ಹಸುಗಳನ್ನು ಬಿಡಿಸಿ, ಸತ್ತು ಸ್ವರ್ಗಕ್ಕೆ ಹೋದ ಒಬ್ಬನ ಕಲ್ಲು. ಆದರೆ ಅವನ ಹೆಸರಿರಬೇಕಾದ ಜಾಗದಲ್ಲಿ ಅಕ್ಷರಗಳು ಸವೆದಿದ್ದರಿಂದ ಬರೀ ಚುಕ್ಕಿಗಳನ್ನು ಮುದ್ರಿಸಿದ್ದರು. ಆ ಚುಕ್ಕಿಗಳ ಜಾಗಕ್ಕೆ ಒಂದು ಹೆಸರನ್ನು ತುಂಬಿಬಿಟ್ಟರೆ ಸ್ಮರಣ ಸಂಚಿಕೆಯೂ ಧನ್ಯ, ನಾನೂ ಧನ್ಯ ಎಂದುಕೊಂಡೆ.

ಕಲ್ಲು ಶಾನುಭೋಗರ ಹೊಲದಲ್ಲಿದೆಯೆಂದು ಪುಸ್ತಕ ಹೇಳುತ್ತಿತ್ತು. ಶಾನುಭೋಗಿಕೆ ರದ್ದಾಗಿ ಅರವತ್ತು ವರ್ಷ ದಾಟಿದೆ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಆ ಹೊಲ ಗೇಣಿದಾರರ ಪಾಲಾಗಿ, ಅಣ್ಣತಮ್ಮಂದಿರಲ್ಲಿ ಹರಿದು ಹಂಚಿಹೋಗಿದೆ. ಹೀಗಿರುವಾಗ ಅರಳೀಕಟ್ಟೆಯ ಮೇಲೆ ನಿಂತು “ಶಾನುಭೋಗರ ಹೊಲ ಯಾವುದು?” ಎಂದು ಕೇಳುವುದಕ್ಕಿಂತ ಜೇನುಗೂಡಿಗೆ ಕಲ್ಲು ಹೊಡೆಯುವುದು ಕ್ಷೇಮ. ಮಧ್ಯಾಹ್ನದೊಳಗೆ ನಾನು ಹಳೆಯ ಮಾಲೀಕರ ಕಡೆಯ ವಕೀಲನೆಂದು ಒಂದು ಬೀದಿಯಲ್ಲೂ, ಬೈಪಾಸ್ ರಸ್ತೆಗೆ ಜಮೀನು ಗುರುತಿಸಲು ಬಂದವನೆಂದು ಇನ್ನೊಂದು ಬೀದಿಯಲ್ಲೂ ಸುದ್ದಿಯಾಗಿದ್ದೆ. ರಾತ್ರಿಯ ವೇಳೆಗೆ ನಿಧಿಯ ಮಾತೂ ಸೇರಿಕೊಂಡಿತು. ಇದಕ್ಕೆ ಊರವರನ್ನು ದೂರುವಂತಿಲ್ಲ; ಹಳೆಯ ಕಲ್ಲನ್ನು ಅಷ್ಟು ಆಸ್ಥೆಯಿಂದ ಹುಡುಕುವವರಲ್ಲಿ ಹಾರೆ ಹಿಡಿದು ಅಮಾವಾಸ್ಯೆಯ ರಾತ್ರಿ ಬರುವವರೇ ನಮ್ಮ ಸೀಮೆಯಲ್ಲಿ ಹೆಚ್ಚು.

ಕಡೆಗೂ ಕಲ್ಲು ಸಿಕ್ಕಿತು, ಒಬ್ಬ ರೈತನ ಕೊಟ್ಟಿಗೆಯ ಪಕ್ಕದಲ್ಲಿ. ಕೆಳಗಿನ ಹಂತದಲ್ಲಿ ಯುದ್ಧ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅವನೇ, ನೆತ್ತಿಯಲ್ಲಿ ಸೂರ್ಯಚಂದ್ರರು, ಎಲ್ಲವೂ ಅಚ್ಚುಕಟ್ಟಾಗಿದ್ದವು. ವೀರನ ಸೊಂಟಕ್ಕೆ ನೈಲಾನ್ ಹಗ್ಗ ಬಿಗಿದು ಅದಕ್ಕೊಂದು ಕಪ್ಪುಬಿಳಿ ಸೀಮೆಹಸುವನ್ನು ಕಟ್ಟಲಾಗಿತ್ತು. ನೋಡಿ ಮೊದಲು ಸಿಟ್ಟು ಬಂತು, ಆಮೇಲೆ ಯೋಚಿಸಿದರೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ದನ ಕಾಯಲು ಪ್ರಾಣ ಕೊಟ್ಟವನನ್ನು ಇವರು ದನ ಕಾಯುವ ಕೆಲಸದಿಂದ ಇನ್ನೂ ಬಿಡುಗಡೆ ಮಾಡಿರಲಿಲ್ಲ, ಅಷ್ಟೆ.

ಶಾಸನದ ಪಡಿಯಚ್ಚು ತೆಗೆಯುವ ವಿಧಾನ ಕೇಳಲು ಸರಳವಾಗಿದೆ. ಕಲ್ಲನ್ನು ತೊಳೆದು, ನೀರಿನಲ್ಲಿ ನೆನೆಸಿದ ಕಾಗದವನ್ನು ಅದರ ಮೇಲೆ ಹರಡಿ, ಅಕ್ಷರಗಳ ಗುಳಿಗಳಲ್ಲಿ ಕಾಗದ ಇಳಿಯುವಂತೆ ಬ್ರಷ್ಷಿನಿಂದ ಮೆಲ್ಲಗೆ ಕುಟ್ಟಬೇಕು; ತೇವ ತುಸು ಆರಿದ ಮೇಲೆ ಶಾಯಿ ಹಚ್ಚಿದ ಬಟ್ಟೆಯ ಉಂಡೆಯಿಂದ ಒತ್ತುತ್ತ ಹೋದರೆ ಸುತ್ತಲೂ ಕಪ್ಪಾಗಿ ಅಕ್ಷರಗಳು ಮಾತ್ರ ಬಿಳಿಯಾಗಿ ಎದ್ದು ಕಾಣುತ್ತವೆ. ಈ ವಿಧಾನವನ್ನು ವಿವರಿಸುವವರು ಯಾರೂ ಸೀಮೆಹಸುವಿನ ಪ್ರಸ್ತಾಪ ಮಾಡುವುದಿಲ್ಲ. ಸವೆದ ಜಾಗದಲ್ಲಿ ಒಂದು ಕೊಂಬು, ಒಂದು ಒತ್ತಕ್ಷರದ ಬಾಲ ನಿಧಾನವಾಗಿ ಮೂಡುತ್ತಿರುವಂತೆ ಕಂಡು, ಭೂತಗನ್ನಡಿ ತರಲು ಚೀಲದ ಕಡೆಗೆ ತಿರುಗಿದೆ. ಮತ್ತೆ ಈ ಕಡೆ ನೋಡುವಷ್ಟರಲ್ಲಿ ಹಸು ಕಾಗದವನ್ನು ಬಲ ತುದಿಯಿಂದ ನಾಲಿಗೆಗೆ ಸುತ್ತಿಕೊಂಡು ಎಡಕ್ಕೆ ಸಾಗುತ್ತಿತ್ತು. ಎಳೆದುಕೊಳ್ಳಲು ಹೋದ ನನ್ನ ಕೈಯಲ್ಲಿ ಉಳಿದದ್ದು ಒಂದು ಅಂಗುಲದ ಖಾಲಿ ಅಂಚು. ಹೆಸರಿನ ಸಮೇತ ಇಡೀ ಶಾಸನ ಅದರ ಹೊಟ್ಟೆ ಸೇರಿತು.

ರೈತನ ಚಿಂತೆ ಶಾಸನದ್ದಾಗಿರಲಿಲ್ಲ. ಸಂಜೆ ಡೇರಿಯಲ್ಲಿ ಹಾಲಿನ ಫ್ಯಾಟ್ ಕಡಿಮೆ ಬಂದರೆ ಯಾರು ಜವಾಬ್ದಾರಿ ಎಂಬುದು ಅವನ ಪ್ರಶ್ನೆ. ನಾನೂ ಅವನ ಹಿಂದೆಯೇ ಡೇರಿಗೆ ಹೋಗಿ ಕ್ಯಾನುಗಳ ನಡುವೆ ನಿಂತು ಫಲಿತಾಂಶಕ್ಕೆ ಕಾಯಬೇಕಾಯಿತು. ಫ್ಯಾಟ್ ಎಂದಿನಷ್ಟೇ ಬಂತು. ಆದರೂ ಅಲ್ಲಿದ್ದ ಒಬ್ಬ ಬುದ್ಧಿವಂತ, ಹಳೆಯ ಕಲ್ಲಿನ ಸುತ್ತ 100 ಮೀಟರ್‌ವರೆಗೆ ಮನೆ ಕಟ್ಟುವಂತಿಲ್ಲವೆಂದು ಸರ್ಕಾರದ ಕಾನೂನಿದೆ ಎಂಬ ಸುದ್ದಿಯನ್ನು ರೈತನ ಕಿವಿಗೆ ಹಾಕಿದ. ಆ ನಿಷೇಧ 2010ರ ತಿದ್ದುಪಡಿಯಲ್ಲಿ ಕಾಯ್ದೆಗೆ ಸೇರಿದ್ದು, ಕೇಂದ್ರ ಸರ್ಕಾರ ಸಂರಕ್ಷಿತವೆಂದು ಘೋಷಿಸಿದ ಸ್ಮಾರಕಗಳಿಗಷ್ಟೇ ಅನ್ವಯಿಸುತ್ತದೆ, ಕೊಟ್ಟಿಗೆಯ ಕಲ್ಲಿಗಲ್ಲ ಎಂದು ನಾನು ಎಷ್ಟು ವಿವರಿಸಿದರೂ, ಮಾರನೆಯ ದಿನ ಕಲ್ಲಿದ್ದ ಜಾಗದಲ್ಲಿ ಆಳೆತ್ತರದ ಹುಲ್ಲಿನ ಮೆದೆ ಎದ್ದಿತ್ತು. “ಯಾವ ಕಲ್ಲು ಸಾಮಿ?” ಎಂದು ಅವನು ನನ್ನನ್ನೇ ಕೇಳಿದ.

ಗಂಡನ ಚಿತೆಯೇರಿದ ಹೆಣ್ಣಿನ ನೆನಪಿಗೆ ನಿಲ್ಲಿಸಿದ ಮಾಸ್ತಿಗಲ್ಲಿನ ಕಥೆ ಇನ್ನೊಂದು ಬಗೆಯದು. ಬಳೆ ತೊಟ್ಟು ಮೇಲಕ್ಕೆತ್ತಿದ ಕೈಯಿರುವ ಆ ಕಲ್ಲು ಈಗ ರೇಷ್ಮೆಮನೆಯ ಒಳಗೋಡೆಯಲ್ಲಿ ಸೇರಿಕೊಂಡಿದೆ. ಬಾಗಿಲಲ್ಲೇ ತಡೆದ ಮನೆಯೊಡತಿ, “ಹುಳ ಮೂರನೇ ಜ್ವರಕ್ಕೆ ಕೂತಿವೆ, ಈಗ ಹೊರಗಿನೋರು ಬರಬಾರದು” ಎಂದರು. ಹುಳ ಜ್ವರಕ್ಕೆ ಕೂರುವುದೆಂದರೆ ಮೇವು ಬಿಟ್ಟು ಪೊರೆ ಕಳಚುವುದು. ಗೂಡು ಕಟ್ಟುವ ಮೊದಲು ನಾಲ್ಕು ಸಲ ಈ ಜ್ವರ ಬಂದು ಹೋಗಬೇಕು. ಹೊರಗಿನವರ ಕಾಲಿನ ಜೊತೆ ರೋಗ ಬಂದರೆ ಇಡೀ ಬೆಳೆ ಹೋಯಿತು. ಆಕೆಯ ಮಾತು ನ್ಯಾಯವಾದದ್ದೇ. ಹುಳ ಹಣ್ಣಾಗಿ, ಗೂಡು ಕಟ್ಟಲೆಂದು ಚಂದ್ರಿಕೆಯ ತಟ್ಟೆಗೆ ಬಿಟ್ಟು, ಗೂಡು ಬಿಡಿಸಿ, ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದ ಮೇಲೆ ನನಗೆ ಪ್ರವೇಶ ಸಿಕ್ಕಿತು. ಅಷ್ಟರಲ್ಲಿ ಮುಂದಿನ ಬೆಳೆಗೆಂದು ಮನೆಯನ್ನೆಲ್ಲ ಶುದ್ಧಿ ಮಾಡಿ, ಗೋಡೆಯ ಜೊತೆ ಮಾಸ್ತಿಗೂ ಸುಣ್ಣ ಬಳಿದಿದ್ದರು. ಪ್ರತಿ ಬೆಳೆಗೂ ಹೀಗೆಯೇ ಅಂತೆ. ಪದರದ ಮೇಲೆ ಪದರ ಕೂತು ಆ ತಾಯಿಯ ಐದು ಬೆರಳು ಒಂದಾಗಿ, ಕೈ ಬೆಣ್ಣೆಯ ಮುದ್ದೆಯಾಗಿತ್ತು. ಆದರೆ ಅದರ ಮೇಲೆ ಹಚ್ಚಿದ ಅರಿಶಿನ ಹೊಸದು. ಬೆಳೆ ಕೈಗೆ ಬಂದಾಗಲೆಲ್ಲ ಮೊದಲ ಪೂಜೆ ಅವಳಿಗೇ.

ಕಲ್ಲಿಗಿಂತ ಹಾಡು ವಾಸಿ, ಅದಕ್ಕೆ ಸುಣ್ಣ ಬಳಿಯಲಾಗುವುದಿಲ್ಲ ಎಂದುಕೊಂಡು ನೂರಾರು ಪದ ಬಲ್ಲ ಅಜ್ಜಿಯೊಬ್ಬರ ಬಳಿ ಹೋದೆ. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಅವರು ನಿಯಮಗಳನ್ನು ಹೇಳಿದರು. ಬೀಸುವ ಪದಕ್ಕೆ ಬೀಸುವ ಕಲ್ಲು ಬೇಕು. ಸತ್ತವರ ಮುಂದೆ ಹೇಳುವ ಹಾಡನ್ನು ಬಾಳುವ ಮನೆಯಲ್ಲಿ ಹೇಳಬಾರದು. ಜೋಗುಳಕ್ಕೆ ಮಗು ಬೇಕು. ಪಕ್ಕದ ಮನೆಯಿಂದ ಅಳುತ್ತಿದ್ದ ಮಗುವೊಂದನ್ನು ಎರವಲು ತಂದೆವು. ಅಜ್ಜಿ ಎತ್ತಿದ ದನಿ ಎಂಥದೆಂದರೆ ಮೂರನೆಯ ಸಾಲಿಗೆ ಮಗು ನಿದ್ದೆ ಹೋಯಿತು. ಅಜ್ಜಿಯೂ ನಿಲ್ಲಿಸಿಬಿಟ್ಟರು. ಮುಂದಿನದನ್ನು ಹಾಡಿ ಎಂದರೆ, “ಮಲಗಿದ ಮಗೀನ ಎಬ್ಬಿಸ್ತೀಯೇನೋ?” ಎಂದು ಗದರಿದರು. ಮೊಬೈಲಿನಲ್ಲಿ ದಾಖಲಾದದ್ದು ಆ ಮೂರು ಸಾಲು ಮತ್ತು ಅದರ ಹಿನ್ನೆಲೆಯಲ್ಲಿ “ಹಳೇ ಕಬ್ಬಿಣ, ಹಳೇ ಪ್ಲಾಸ್ಟಿಕ್” ಎಂದು ಕೂಗುವ ಗುಜರಿ ಗಾಡಿಯ ಸ್ಪೀಕರ್.

ಇನ್ನು ಉಳಿದದ್ದು ತಮಟೆ. ನಮ್ಮದೇ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದ ಮೇಲೆ, ಅದುವರೆಗೆ ತಮಟೆಯ ಸದ್ದಿಗೆ ಕಿಟಕಿ ಮುಚ್ಚುತ್ತಿದ್ದವರಿಗೂ ಅದರಲ್ಲಿ ಕಲೆ ಕಾಣತೊಡಗಿದೆ. ನಮ್ಮೂರಿನ ವಾದ್ಯದವರು ಸಂಕೋಚವಿಲ್ಲದೆ ಒಪ್ಪಿದರು. ಆದರೆ ಹಿಂದಿನ ರಾತ್ರಿ ಮಳೆ ಬಂದು ಚರ್ಮ ಸಡಿಲವಾಗಿತ್ತು. ಬೆಂಕಿಗೆ ಹಿಡಿದು ಕಾಯಿಸದ ತಮಟೆ ನುಡಿಯುವುದಿಲ್ಲ, ಬೆಂಕಿಗೆ ಒಣಹುಲ್ಲು ಬೇಕು. ಹುಡುಗರು ಹತ್ತಿರದ ಮೆದೆಯಿಂದ ಹೊರೆಗಟ್ಟಲೆ ಹುಲ್ಲು ಎಳೆದು ತಂದರು. ಪೆಟ್ಟು ಬಿದ್ದೊಡನೆ ಊರೇ ನೆರೆಯಿತು, ಕುಣಿತ ಕಾವೇರಿತು, ಹುಲ್ಲು ಇನ್ನಷ್ಟು ಬಂತು. ಅದು ಯಾವ ಮೆದೆಯೆಂದು ನನಗೆ ತಿಳಿದದ್ದು, ಸೀಮೆಹಸುವಿನ ಒಡೆಯ ಬೊಬ್ಬೆ ಹಾಕುತ್ತ ಓಡಿಬಂದಾಗ.

ಹುಲ್ಲಿನ ದುಡ್ಡು ಕೊಟ್ಟು ಸಮಾಧಾನ ಮಾಡಿದ ಮೇಲೆ, ಕಲ್ಲು ಹೇಗೂ ಎಲ್ಲರ ಕಣ್ಣಿಗೆ ಬಿದ್ದಾಗಿದೆಯಲ್ಲ ಎಂದು ಒಂದು ಫೋಟೊ ತೆಗೆಯಲು ಅವನು ಒಪ್ಪಿದ. ಅದಕ್ಕೆ ಅವನದು ಎರಡು ಷರತ್ತು: ಚಿತ್ರದಲ್ಲಿ ಹಸು ಇರಬೇಕು, ಕೆಳಗೆ ಅದರ ಹೆಸರು ಬರಬೇಕು. ಹಸು ಅಡ್ಡಲಾಗಿ ನಿಂತದ್ದರಿಂದ ಅಕ್ಷರಗಳು ಅದರ ಹೊಟ್ಟೆಯ ಹಿಂದೆ ಮರೆಯಾದವು. ವೀರನ ಹೆಸರಿಗೆ ನನ್ನಲ್ಲಿ ಚುಕ್ಕಿಗಳಲ್ಲದೆ ಬೇರೇನೂ ಇರಲಿಲ್ಲವಾದ್ದರಿಂದ, ಸ್ಮರಣ ಸಂಚಿಕೆಯಲ್ಲಿ ಚಿತ್ರದ ಕೆಳಗೆ “ಗೌರಿ, ದಿನಕ್ಕೆ 18 ಲೀಟರ್” ಎಂದಷ್ಟೇ ಅಚ್ಚಾಯಿತು.