ಓಟ್ಸ್‌ನಲ್ಲಿ ಕಳೆನಾಶಕ: ಎರಡು ಮಿತಿಗಳ ನಡುವಿನ ಅಂತರ
2018ರಲ್ಲಿ ಅಮೆರಿಕದ ಎನ್ವಿರಾನ್‌ಮೆಂಟಲ್ ವರ್ಕಿಂಗ್ ಗ್ರೂಪ್ ಎಂಬ ಸರ್ಕಾರೇತರ ಸಂಸ್ಥೆ ಪರೀಕ್ಷಿಸಿದ, ಸಾವಯವವಲ್ಲದ 45 ಓಟ್ಸ್ ತಿನಿಸುಗಳ ಮಾದರಿಗಳ ಪೈಕಿ 43ರಲ್ಲಿ ಗ್ಲೈಫೋಸೇಟ್ ಎಂಬ ಕಳೆನಾಶಕದ ಅಂಶ ಸಿಕ್ಕಿತೆಂದು ಈ ಬಗ್ಗೆ ನಾನು ಓದಿದ ಲೇಖನವೊಂದು ತಿಳಿಸುತ್ತದೆಯಾದರೂ, ಅದು ಕಾಳಿಗೆ ಸೇರಿದ್ದು ಹೇಗೆಂಬುದನ್ನು ವಿವರಿಸಿಲ್ಲ. ಕಳೆಗೆಂದು ಮಾತ್ರವಲ್ಲ, ನಿಂತ ಪೈರು ಒಂದೇ ಸಮನೆ ಒಣಗಲೆಂದೂ ಕೊಯ್ಲಿಗೆ ಕೆಲವು ದಿನ ಮುಂಚೆ ಇದನ್ನು ಸಿಂಪಡಿಸುವ ರೂಢಿ ಉತ್ತರ ಅಮೆರಿಕದ ಹೊಲಗಳಲ್ಲಿದೆ. ಆಗ ಅದರ ಅಂಶ ಕಾಳಿನಲ್ಲಿ ಉಳಿದುಬಿಡಬಹುದು. ಆ ಸಂಸ್ಥೆ ತಾನೇ ಹಾಕಿಕೊಂಡ ಮಿತಿ ಶತಕೋಟಿಗೆ 160 ಭಾಗವಾದರೆ, ಓಟ್ಸ್‌ಗೆ ಅಲ್ಲಿನ ಸರ್ಕಾರ ಒಪ್ಪಿದ್ದ ಮಿತಿ ದಶಲಕ್ಷಕ್ಕೆ 30 ಭಾಗ (ಶತಕೋಟಿಗೆ 30,000), ಎಂದರೆ ಸುಮಾರು 187 ಪಟ್ಟು. ಮಗುವಿಗೆ ದಿನವೂ ಓಟ್ಸ್ ಗಂಜಿ ಕಾಯಿಸುವವರಿಗೆ (ನಾನೂ ಅವರಲ್ಲೊಬ್ಬಳು) ಮಾದರಿಗಳ ಎಣಿಕೆಗಿಂತ ಈ ಅಂತರದ ವಿವರಣೆಯೇ ಹೆಚ್ಚು ಬೇಕಾಗಿತ್ತು.