ಶಟರ್ ಎಳೆದ ಅಂಗಡಿಯಲ್ಲೂ ಪ್ರಾರ್ಥನೆ

ಶಿಕಾಗೋದಲ್ಲಿ ಖಾಲಿ ಅಂಗಡಿಗಳು ಚರ್ಚ್ ಆಗುತ್ತಿರುವುದರಿಂದಲೇ ವ್ಯಾಪಾರ ಬೀದಿಗಳು ಸತ್ತವು ಅಂತ ನಾನು ಓದಿದ ಒಂದು ಲೇಖನ ಹೇಳುತ್ತದೆ. ಇದು ಉಲ್ಟಾ ಲೆಕ್ಕ ಅಲ್ವಾ? ಅಲ್ಲಿನ ವೆಸ್ಟ್ ಸೈಡ್‌ನ ಮ್ಯಾಡಿಸನ್ ಬೀದಿಯನ್ನೇ ನೋಡಿ. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಮೇಲೆ ನಡೆದ ಗಲಭೆಯಲ್ಲಿ ಎಷ್ಟೋ ಅಂಗಡಿ ಸುಟ್ಟುಹೋದವು. ಬಹಳಷ್ಟು ವ್ಯಾಪಾರಿಗಳು ವಾಪಸ್ ಬರಲಿಲ್ಲ. ಅಲ್ಲಿ ಅಂಗಡಿ ಖಾಲಿಯಾದದ್ದು ಮೊದಲು, ಚರ್ಚ್ ಬಂದದ್ದು ಆಮೇಲೆ.

ಅಂಗಡಿಯಲ್ಲಿ ಚರ್ಚ್ ನಡೆಸುವ ರೂಢಿಯಂತೂ ಆ ಗಲಭೆಗಿಂತಲೂ ಹಳೆಯದು. 1916ರ ಸುಮಾರಿಗೆ ಅಮೆರಿಕದ ದಕ್ಷಿಣದ ರಾಜ್ಯಗಳಿಂದ ಕಪ್ಪು ಜನ ಶಿಕಾಗೋಗೆ ಗುಳೆ ಬಂದಾಗ, ಊರಿನ ದೊಡ್ಡ ಚರ್ಚುಗಳ ಶಿಸ್ತು ಹಲವರಿಗೆ ಒಗ್ಗಲಿಲ್ಲ. ಚಪ್ಪಾಳೆ, ಟ್ಯಾಂಬರಿನ್ (ಬಿಲ್ಲೆ ಕಟ್ಟಿದ ಕೈವಾದ್ಯ), ಕುಣಿತ ಇಲ್ಲದ ಪ್ರಾರ್ಥನೆ ಅವರಿಗೆ ಸಪ್ಪೆ. ಕಡಿಮೆ ಬಾಡಿಗೆಯ ಅಂಗಡಿಯೇ ಸಾಕಾಯಿತು.

ಅಲ್ಲಿದ್ದಾಗ ಅಂಥದ್ದೊಂದಕ್ಕೆ ಗೆಳೆಯನ ಜೊತೆ ಹೋಗಿದ್ದೆ. ಹಿಂದೆ ಲಾಂಡ್ರಿ ಆಗಿತ್ತಂತೆ. ಗೋಡೆಯಲ್ಲಿ ನೀರಿನ ಪೈಪಿನ ತೂತುಗಳು ಹಾಗೇ ಇದ್ದವು. ಮಡಚುವ ಕುರ್ಚಿ, ಮೂಲೆಯಲ್ಲಿ ಡ್ರಮ್ಸ್, ಗಾಜಿಗೆ ಬಣ್ಣದ ಕಾಗದ. ಮೂವತ್ತು ಜನರೂ ಇರಲಿಲ್ಲ, ಸದ್ದು ಮಾತ್ರ ಮುನ್ನೂರು ಜನರದ್ದು! ಮುಗಿದ ಮೇಲೆ ಹುರಿದ ಕೋಳಿ ತಿನ್ನದೆ ಹೊರಡಲು ಬಿಡಲಿಲ್ಲ.

ಲೇಖಕರ ಒಂದು ಮಾತು ಒಪ್ಪುತ್ತೇನೆ. ಭಾನುವಾರ ಮತ್ತು ಒಂದೆರಡು ಸಂಜೆ ಬಿಟ್ಟರೆ ಬಾಗಿಲು ಮುಚ್ಚಿರುತ್ತದೆ, ಪಕ್ಕದ ಅಂಗಡಿಗೆ ಗಿರಾಕಿ ಬರುವುದಿಲ್ಲ. ಆದರೆ 'ಚರ್ಚನ್ನು ಸುಮ್ನೆ ನಿಷೇಧಿಸಿ' ಅನ್ನುವುದು ಅಷ್ಟು ಸುಲಭವಲ್ಲ. 2000ದ ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ಕಾನೂನಿನ ಪ್ರಕಾರ ಕ್ಲಬ್ಬು, ಸಭಾಂಗಣಕ್ಕೆ ಜಾಗ ಕೊಡುವ ಕಡೆ ಪ್ರಾರ್ಥನೆಗೆ ಮಾತ್ರ ಇಲ್ಲ ಅನ್ನುವಂತಿಲ್ಲ. ಅದೇ ಕಾನೂನು ಅಲ್ಲಿನ ನಮ್ಮ ದೇವಸ್ಥಾನಗಳಿಗೂ ಆಸರೆ.