ಏನೂ ನಡೀತಿಲ್ಲ ಅಂದವರಿಗೆ

ಸಿಟ್ಟು ಬಂದಿದೆ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ. ಮೇಜಿನ ಮೇಲೆ ದಾಳ ಹಾಕಿ ಆಡುವ ನೌಕಾಯುದ್ಧದ ಆಟ ‘ಹಾರ್ಪೂನ್’, ಅದರ ಹುಚ್ಚು ನನಗಿರುವುದು ನಿಮಗೆಲ್ಲ ಗೊತ್ತೇ ಇದೆ. ಈ ಭಾನುವಾರ ಊಟದ ಮೇಜಿನ ಮೇಲೆ ಇಸ್ರೇಲ್ ಮತ್ತು ಸಿರಿಯಾ ನಡುವಿನ 1973ರ ಲತಾಕಿಯಾ ಕಡಲ ಕದನ ಹರಡಿದ್ದೆ. ಹೊಸದಾಗಿ ಬಂದಿದ್ದ ಹುಡುಗನೊಬ್ಬ ಸಿರಿಯಾ ಪರ ಕೂತ. ಸ್ವಲ್ಪ ಹೊತ್ತಿಗೆ, "ಅಂಕಲ್, ಏನೂ ನಡೀತಾನೇ ಇಲ್ವಲ್ಲ, ಇದನ್ನ ಫೋನಲ್ಲೇ ಆಡಬಹುದಲ್ವಾ?" ಅಂದು ಎದ್ದು ಹೋದ.

ಏನೂ ನಡೀತಿಲ್ಲ ಅಂದರೆ ಏನರ್ಥ? ತನ್ನ ದೋಣಿಗಳ ರೇಡಾರ್ ಹಾಕಬೇಕೋ ಬೇಡವೋ ಅಂತ ಅವನು ಆಗ ತೀರ್ಮಾನಿಸಬೇಕಿತ್ತು. ಹಾಕಿದರೆ ಶತ್ರು ಕಾಣಬಹುದು. ಆದರೆ ಅದರ ಅಲೆಗಳು ಶತ್ರುವಿನ ಉಪಕರಣಕ್ಕೂ ಸಿಗುತ್ತವೆ, ಎಷ್ಟೋ ಸಲ ಅವನು ನಮಗೆ ಕಾಣುವ ಮೊದಲೇ. ಹಾಕದಿದ್ದರೆ ಕತ್ತಲಲ್ಲಿ ಕುರುಡರ ಹಾಗೆ ಹೋಗಬೇಕು. ಇಡೀ ಕದನ ಇರುವುದೇ ಇಲ್ಲಿ. ಸಿಡಿಯುವುದು ಕೊನೆಯ ಒಂದೆರಡು ನಿಮಿಷ ಮಾತ್ರ.

ಈ ಆಟ ಮಾಡಿದ ಲ್ಯಾರಿ ಬಾಂಡ್ ಅಮೆರಿಕದ ನೌಕಾಪಡೆಯಲ್ಲಿ ಅಧಿಕಾರಿಯಾಗಿದ್ದವರು. ಅಲ್ಲಿನ ತರಬೇತಿ ಆಟ ಗುಪ್ತ ದಾಖಲೆಯಾಗಿತ್ತು, ಬೇಕೆಂದಾಗ ಹೊರತೆಗೆಯುವ ಹಾಗಿರಲಿಲ್ಲ. ಎಲ್ಲರೂ ಆಡಬಹುದಾದದ್ದು ಬೇಕು ಅಂತ ಇದನ್ನು ಕಟ್ಟಿದರು. 1980ರಲ್ಲಿ ಅಚ್ಚಾಯಿತು. ದಾಳ, ಪೆನ್ಸಿಲ್, ಕೋಷ್ಟಕಗಳು, ಅಷ್ಟೇ.

ಲತಾಕಿಯಾ ಲೆಕ್ಕ ನೋಡಿ. ಸಿರಿಯಾದ ಓಸಾ, ಕೊಮಾರ್ ಎಂಬ ಜಾತಿಯ ಚಿಕ್ಕ ಕ್ಷಿಪಣಿ ದೋಣಿಗಳ ಸ್ಟಿಕ್ಸ್ ಕ್ಷಿಪಣಿ ಸುಮಾರು 40 ಕಿ.ಮೀ. ಹೋಗುತ್ತದೆ. ಇಸ್ರೇಲಿನ ಗೇಬ್ರಿಯಲ್ ಕ್ಷಿಪಣಿ ಅದರ ಅರ್ಧದಷ್ಟು ದೂರ ಮಾತ್ರ. ಕಾಗದದ ಮೇಲೆ ಸಿರಿಯಾ ಗೆಲ್ಲಬೇಕು ಅಲ್ವಾ? ಅಕ್ಟೋಬರ್ 7ರ ಆ ರಾತ್ರಿ ಸಿರಿಯಾದ ಐದು ಹಡಗುಗಳು ನಾಶವಾದವು, ಇಸ್ರೇಲಿನದು ಒಂದೂ ಇಲ್ಲ. ಇಸ್ರೇಲಿನವರು ಲೋಹದ ಚೂರುಗಳ ಮೋಡ ಹಾರಿಸಿ, ರೇಡಾರ್‌ಗೆ ಗೊಂದಲ ಹುಟ್ಟಿಸಿ, ಸಿರಿಯಾದವರು ಸ್ಟಿಕ್ಸ್‌ಗಳನ್ನು ಸುಮ್ನೆ ಖರ್ಚು ಮಾಡುವ ಹಾಗೆ ಮಾಡಿದರು. ಆಮೇಲೆ ಹತ್ತಿರ ನುಗ್ಗಿದರು. ಆ ನುಗ್ಗುವ ದೂರವನ್ನು ಮೇಜಿನ ಮೇಲೆ ಅಳತೆಪಟ್ಟಿ ಹಿಡಿದು ನಾವೇ ದಾಟಬೇಕು. ಒಂದೊಂದು ಸರದಿಗೂ ಆದೇಶವನ್ನು ಮೊದಲೇ ಚೀಟಿಯಲ್ಲಿ ಬರೆದಿಡಬೇಕು, ಆಮೇಲೆ ಬದಲಾಯಿಸುವ ಹಾಗಿಲ್ಲ. ಇನ್ನೂ ಅರ್ಧ ದಾರಿ ಇರುವಾಗ ಎದುರಿನವನು ಕ್ಷಿಪಣಿ ಬಿಟ್ಟ ಅಂತ ಆಟ ನಡೆಸುವ ಅಂಪೈರ್ ಹೇಳಿದರೆ ಹೊಟ್ಟೆಯೊಳಗೆ ಕಲಸಿದಂತಾಗುತ್ತದೆ. ಇದು ಬೋರಂತೆ!

ನಮ್ಮದೇ ಕಥೆ ನೋಡಿ. 1971ರ ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಪುಟ್ಟ ಓಸಾ ದೋಣಿಗಳು ಕರಾಚಿ ಮೇಲೆ ಬಿದ್ದವು. ಪಾಕಿಸ್ತಾನದ ಖೈಬರ್ ದೊಡ್ಡ ವಿಧ್ವಂಸಕ ಹಡಗು. ಬರುತ್ತಿದ್ದ ಕ್ಷಿಪಣಿಯ ಬೆಂಕಿಯನ್ನು ನೋಡಿ ಅದರವರು ವಿಮಾನ ಅಂದುಕೊಂಡರು. ಪೆಟ್ಟು ಬಿದ್ದ ಮೇಲೆ ಕಳಿಸಿದ ಸಂದೇಶದಲ್ಲೂ ಶತ್ರು ವಿಮಾನದ ದಾಳಿ ಅಂತಲೇ ಇತ್ತು. ಯಾರು ಹೊಡೆದರು ಅಂತ ಗೊತ್ತಾಗದೆಯೇ ಮುಳುಗಿದರು. ಕಾಣುವುದು, ಕಾಣದಿರುವುದು ಅಂದರೆ ಇದು.

ಕಾರವಾರಕ್ಕೆ ಹೋದವರು ಕಡಲ ತೀರದಲ್ಲಿರುವ ಐಎನ್‌ಎಸ್ ಚಪಲ್ ನೋಡಿರುತ್ತೀರಿ. ಅದೂ ಓಸಾ ಜಾತಿಯದೇ. ಫೋಟೋ ತೆಗೆಸಿಕೊಳ್ಳಿ, ಬೇಡ ಅನ್ನಲ್ಲ. ಜೊತೆಗೆ ಒಂದ್ಸಲ ತಲೆಯೆತ್ತಿ ಅದರ ಕಂಬದ ಎತ್ತರ ನೋಡಿ. ಅಷ್ಟು ತಗ್ಗಿನಲ್ಲಿರುವ ರೇಡಾರ್‌ಗೆ ಭೂಮಿಯ ಡೊಂಕೇ ಅಡ್ಡ ಬರುತ್ತದೆ. ಸಾಮಾನ್ಯ ಹವೆಯಲ್ಲಿ 25-30 ಕಿ.ಮೀ. ಆಚೆಯ ಇನ್ನೊಂದು ಚಿಕ್ಕ ದೋಣಿ ಅದಕ್ಕೆ ಕಾಣುವುದೇ ಇಲ್ಲ. ಕ್ಷಿಪಣಿ 40 ಕಿ.ಮೀ. ಹೋದರೂ ಗುರಿ ಕಾಣಬೇಕಲ್ಲ! ಇದು ನನ್ನ ತಲೆಗೆ ಹತ್ತಿದ್ದು ಹಾರ್ಪೂನ್ ಆಡಿದ ಮೇಲೆಯೇ.

ಕಂಪ್ಯೂಟರ್ ಇದನ್ನೆಲ್ಲ ಕ್ಷಣದಲ್ಲಿ ಮಾಡುತ್ತದೆ ಅಂತೀರಿ. ಮಾಡುತ್ತದೆ. ಹಾರ್ಪೂನ್‌ಗೇ 1989ರಲ್ಲಿ ಕಂಪ್ಯೂಟರ್ ಆಟ ಬಂತು, ದೊಡ್ಡ ನೌಕಾಪಡೆಗಳನ್ನೇ ಓಡಿಸಬಹುದು. ಆದರೆ ಪರದೆ ‘ತಪ್ಪಿತು’ ಅಂತ ತೋರಿಸಿ ಮುಂದೆ ಹೋಗುತ್ತದೆ. ಯಾಕೆ ತಪ್ಪಿತು? ಗೊತ್ತಾಗಲ್ಲ. ಇಲ್ಲಿ ಕೋಷ್ಟಕದ ಮೇಲೆ ಬೆರಳಿಟ್ಟು ನಾನೇ ಕೂಡಿ ಕಳೆದಿರುತ್ತೇನೆ. ರೇಡಾರ್‌ ಕೆಡಿಸುವ ಎದುರಾಳಿಯ ಜಾಮರ್ ನನ್ನ ಎಷ್ಟು ಅವಕಾಶ ತಿಂದಿತು ಅಂತ ನನ್ನ ಕೈಬರಹದಲ್ಲೇ ಇರುತ್ತದೆ. ಹಾಗಾಗಿ ಆ ವಾದ ನನಗೆ ಒಪ್ಪಿಗೆ ಇಲ್ಲ.

ಇನ್ನೊಂದು ಮಾತು, ಯಾರಿಗೂ ಹೇಳಿರಲಿಲ್ಲ. ಪೆಟ್ಟು ಬಿದ್ದ ಹಡಗಿನ ಹಾಳೆಯಲ್ಲಿ ಅಂಕಗಳನ್ನು ಹೊಡೆದು ಹಾಕುವಾಗ ನನಗೆ ಸಂಕಟವಾಗುತ್ತದೆ. 1967ರಲ್ಲಿ ಈಜಿಪ್ಟಿನ ಕೊಮಾರ್ ದೋಣಿಗಳು ಇದೇ ಸ್ಟಿಕ್ಸ್‌ನಿಂದ ಇಸ್ರೇಲಿನ ವಿಧ್ವಂಸಕ ಹಡಗು ಐಲಾಟ್ ಅನ್ನು ಮುಳುಗಿಸಿದಾಗ 47 ಜನ ಸತ್ತರು. ಹಾಳೆಯಲ್ಲಿ ಅದು ಎರಡು ಗೀಟು. ಆ ಗೀಟನ್ನು ನಾನೇ ಎಳೆಯಬೇಕು ಅನ್ನುವುದು ನನಗೆ ಮುಖ್ಯ.

ಮುಂದಿನ ತಿಂಗಳು ಕರಾಚಿ ರಾತ್ರಿ ಆಡಿಸುತ್ತೇನೆ. ಖೈಬರ್ ಕಡೆ ಕೂರಲು ತಾಳ್ಮೆ ಇರುವವರೊಬ್ಬರು ಬೇಕು. ಬರುವವರು ಕಾಮೆಂಟ್‌ನಲ್ಲಿ ಹೇಳಿ, ನಿಯಮದ ಮೊದಲ ಪುಟಗಳನ್ನು ಕಳಿಸುತ್ತೇನೆ.